ಹೋಸ್ಟ್ಸ್ ಫೈಲ್ ಬದಲಿಸಿದರೂ ಜಾಹೀರಾತು ಬರುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಮದುವೆ ಪತ್ರಿಕೆಯ ಡಿಟಿಪಿ, ಎಲ್ಲವೂ ಒಂದೇ ವಿಂಡೋಸ್ ಕಂಪ್ಯೂಟರಿನಲ್ಲಿ. ಗೌರಿ ಹಬ್ಬಕ್ಕೆ ಹೋದಾಗ ಹತ್ತು ನಿಮಿಷದಲ್ಲಿ ಅದರ ಹೋಸ್ಟ್ಸ್ ಫೈಲಿಗೆ ಜಾಹೀರಾತು ತಾಣಗಳ ಪಟ್ಟಿ ಸೇರಿಸಿದೆ. "ಇನ್ಮೇಲೆ ಜಾಹೀರಾತಿನ ಕಾಟ ಇರಲ್ಲ ಚಿಕ್ಕಪ್ಪ" ಎಂದು ಹೇಳಿ ಬಸ್ ಹತ್ತಿದೆ. ಮಾರನೇ ದಿನ ಬೆಳಿಗ್ಗೆ ಫೋನ್: "ಅದೇನೋ ಹಾಕಿ ಹೋದ್ಯಲ್ಲೋ, ಏನೂ ನಿಂತಿಲ್ಲ ಕಣೋ. ಮೂಲೆಯಲ್ಲಿ ವೈರಸ್ ಬಂದಿದೆ ಅಂತ ಬೇರೆ ಹೆದರಿಸ್ತಾ ಇದೆ!"

ಅಂಗಡಿ ಹುಡುಗನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಫೋನಿನಲ್ಲೇ ಮೂರು ದಿನ ಹುಡುಕಿದೆವು. ಸಿಕ್ಕಿದ್ದು ಒಂದು ದೋಷ ಅಲ್ಲ, ಮೂರು. ಅದರಲ್ಲಿ ಎರಡು ನನ್ನವೇ. ಅದೇ ಹಾದಿಯನ್ನು ಇಲ್ಲಿ ಬರೆದಿದ್ದೇನೆ. ನಡುವೆ, ನಮಗೆ ಬರದೆ ಬೇರೆಯವರಿಗೆ ಬರುವ ತೊಂದರೆಗಳನ್ನೂ ಸೇರಿಸಿದ್ದೇನೆ.

ಕಮಾಂಡ್‌ಗಳನ್ನು, ಫೈಲ್ ಹೆಸರುಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಇದು ಕೆಲಸ ಮಾಡುವುದು ಹೇಗೆ

ನೀವು ಒಂದು ಸುದ್ದಿ ಪುಟ ತೆರೆದರೆ ಬ್ರೌಸರ್ ಆ ಒಂದು ತಾಣಕ್ಕೆ ಮಾತ್ರ ಹೋಗುವುದಿಲ್ಲ. ಜಾಹೀರಾತು, ಓದುಗರ ಲೆಕ್ಕ ಇಡುವ ಕೋಡು, ಇವನ್ನೆಲ್ಲ ಬೇರೆ ಬೇರೆ ತಾಣಗಳಿಂದ ತರಿಸುತ್ತದೆ. ಪ್ರತಿ ತಾಣಕ್ಕೂ ಹೆಸರಿದೆ, ಹೆಸರಿನ ಹಿಂದೆ ಅಂಕಿಗಳ ಐಪಿ ವಿಳಾಸ ಇದೆ. ಆ ವಿಳಾಸ ಗೊತ್ತಿಲ್ಲದಿದ್ದರೆ ಕಂಪ್ಯೂಟರ್ ಮೊದಲು ತನ್ನಲ್ಲೇ ಇರುವ ಹೋಸ್ಟ್ಸ್ ಎಂಬ ಪುಟ್ಟ ಫೈಲನ್ನು ನೋಡುತ್ತದೆ. ಅಲ್ಲಿ ಸಿಗದಿದ್ದರೆ, ಹೆಸರು ಕೇಳಿ ವಿಳಾಸ ಹೇಳುವ ಡಿಎನ್ಎಸ್ ಸರ್ವರನ್ನು ಕೇಳುತ್ತದೆ.

ಈ ಹೋಸ್ಟ್ಸ್ ಫೈಲು ಡಿಎನ್ಎಸ್‌ಗಿಂತ ಹಳೆಯದು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು ಒಂದೇ ಫೈಲಿನಲ್ಲಿತ್ತು, ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಅದು ಕೈಮೀರಿ ಬೆಳೆದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸಿದರು. ಹಳೇ ಫೈಲ್ ಮಾತ್ರ ಇವತ್ತಿಗೂ ಪ್ರತಿ ಕಂಪ್ಯೂಟರಿನಲ್ಲೂ ಸುಮ್ನೆ ಕೂತಿದೆ. ನಾವು ಮಾಡುವುದು ಇಷ್ಟೇ: ಜಾಹೀರಾತು ತಾಣದ ವಿಳಾಸ ಯಾರಾದರೂ ಕೇಳಿದರೆ ಸುಳ್ಳು ಹೇಳು ಎಂದು ಅದಕ್ಕೆ ಹೇಳಿಕೊಡುವುದು. '0.0.0.0' ಎಂಬ ಎಲ್ಲಿಗೂ ಹೋಗದ ವಿಳಾಸ ಬರೆದು, ಒಂದು ಜಾಗ ಬಿಟ್ಟು ತಾಣದ ಹೆಸರು. ಇದೇ ಸುಳ್ಳನ್ನು ಜಾಹೀರಾತು ತಡೆಯುವ ಡಿಎನ್ಎಸ್ ಸರ್ವರ್ ಕೈಯಲ್ಲೂ ಹೇಳಿಸಬಹುದು.

ಹಾಗಾಗಿ ಜಾಹೀರಾತು ಮತ್ತೆ ಕಂಡರೆ ಕಾರಣ ಎರಡೇ ಬಗೆಯದು. ವಿಳಾಸ ಕೇಳುವವರು ನಮ್ಮ ಸುಳ್ಳುಗಾರನ ಹತ್ತಿರ ಬರುತ್ತಲೇ ಇಲ್ಲ. ಇಲ್ಲವೇ, ಆ ಜಾಹೀರಾತಿಗೆ ತಡೆಯಲು ಬೇರೆ ಹೆಸರೇ ಇಲ್ಲ. ಇದು ಯಾವುದು ಎಂದು ತಿಳಿಯುವ ಮೊದಲೇ ಇನ್ನೂ ದೊಡ್ಡ ಪಟ್ಟಿ ತಂದು ಸುರಿಯುವುದು ದಂಡ. ನಾನು ಮೊದಲ ದಿನ ಅದನ್ನೇ ಮಾಡಲು ಹೊರಟಿದ್ದೆ.

ಜಾಹೀರಾತು ಎಲ್ಲಿ ಕಾಣುತ್ತಿದೆ?

ಹುಡುಗನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು: "ಬ್ರೌಸರ್ ಪೂರ್ತಿ ಮುಚ್ಚಿ, ಬರೀ ಡೆಸ್ಕ್‌ಟಾಪ್ ನೋಡ್ತಾ ಕೂತ್ಕೋ. ಆಗಲೂ ಬರುತ್ತಾ?" ಬರುತ್ತದೆ ಎಂದ. ಕೆಳಗೆ ಬಲಮೂಲೆಯಲ್ಲಿ, ಸಣ್ಣ ಚೌಕದಲ್ಲಿ, ಕೆಂಪು ಗುರುತಿನ ಜೊತೆ 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ'. ಬ್ರೌಸರ್ ಪುಟದೊಳಗಿನ ಬ್ಯಾನರ್ ಜಾಹೀರಾತುಗಳೂ ಹಾಗೇ ಇವೆಯಂತೆ.

ಎರಡೂ ಬೇರೆ ಬೇರೆ ರೋಗ. ಮೂಲೆಯದನ್ನು ಆಮೇಲೆ ನೋಡೋಣ ಎಂದು ಪುಟದೊಳಗಿನದನ್ನು ಹಿಡಿದೆವು.

ಒಂದೇ ಒಂದು ಹೆಸರಿನ ಪರೀಕ್ಷೆ

ಪಟ್ಟಿಯಲ್ಲಿ ಸಾವಿರಗಟ್ಟಲೆ ಹೆಸರಿದ್ದರೂ ಪರೀಕ್ಷೆಗೆ ಒಂದು ಸಾಕು. 'ಆಡ್.ಡಬಲ್‌ಕ್ಲಿಕ್.ನೆಟ್' ಒಳ್ಳೆಯದು, ಹೆಚ್ಚುಕಡಿಮೆ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು 'ಪಿಂಗ್' ಎಂದು ಬರೆದು, ಜಾಗ ಬಿಟ್ಟು ಈ ಹೆಸರು ಬರೆದು ಎಂಟರ್ ಒತ್ತಿ. 0.0.0.0 ಎಂದು ತೋರಿಸಿದರೂ ಸರಿ, ಹೆಸರು ಸಿಗಲಿಲ್ಲ ಎಂದು ಬೈದರೂ ಸರಿ, ನಿಮ್ಮ ತಡೆ ಕೆಲಸ ಮಾಡುತ್ತಿದೆ. ನಿಜವಾದ ಐಪಿ ವಿಳಾಸ ಕಂಡು, ಇಷ್ಟು ಮಿಲಿಸೆಕೆಂಡ್ ಎಂದು ಉತ್ತರ ಬಂದರೆ ಫೈಲನ್ನು ಯಾರೂ ಓದುತ್ತಿಲ್ಲ ಎಂದರ್ಥ.

ಇಲ್ಲಿ ತುಂಬಾ ಜನ ಎಡವುವುದು 'ಎನ್ಎಸ್‌ಲುಕಪ್' ಕಮಾಂಡ್ ಬಳಸಿ. ಅದು ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ, ನೇರ ಡಿಎನ್ಎಸ್ ಸರ್ವರನ್ನೇ ಕೇಳುತ್ತದೆ. ಫೈಲ್ ಸರಿಯಾಗಿದ್ದರೂ ಅದು ನಿಜ ವಿಳಾಸವನ್ನೇ ತೋರಿಸುತ್ತದೆ, ನೀವು ಸರಿಯಿರುವುದನ್ನು ರಿಪೇರಿ ಮಾಡುತ್ತಾ ರಾತ್ರಿ ಕಳೆಯುತ್ತೀರಿ. ಹೋಸ್ಟ್ಸ್‌ಗೆ ಪಿಂಗ್, ಡಿಎನ್ಎಸ್ ಬದಲಿಸಿದವರಿಗೆ ಎನ್ಎಸ್‌ಲುಕಪ್. ಇದನ್ನು ಅದಲುಬದಲು ಮಾಡಬೇಡಿ.

ಹುಡುಗ ಪಿಂಗ್ ಮಾಡಿದ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು, ಸಲೀಸಾಗಿ.

ಫೈಲ್ ಇದೆ, ಆದರೆ ಎಲ್ಲಿದೆ?

ವಿಂಡೋಸ್‌ನಲ್ಲಿ ಹೋಸ್ಟ್ಸ್ ಫೈಲಿನ ಜಾಗ ಸಿ ಡ್ರೈವ್, ಅದರೊಳಗೆ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ. ಲಿನಕ್ಸ್, ಮ್ಯಾಕ್‌ಗಳಲ್ಲಿ ಇಟಿಸಿ ಫೋಲ್ಡರಿನಲ್ಲೇ. ಹುಡುಗನಿಗೆ ಆ ಫೈಲ್ ತೆರೆಯಲು ಹೇಳಿದೆ. "ಅಣ್ಣ, ಇದರಲ್ಲಿ ಏನೂ ಇಲ್ಲ. ಹ್ಯಾಷ್ (#) ಗುರುತಿನ ಸಾಲು ಮಾತ್ರ ಇವೆ" ಎಂದ.

ನನಗೆ ಎದೆ ಧಸಕ್ಕೆಂದಿತು. ನಾನೇ ಕೈಯಾರೆ ಸೇರಿಸಿದ್ದೆನಲ್ಲ? ಆಮೇಲೆ ನೆನಪಾಯಿತು. ಸೇವ್ ಮಾಡುವಾಗ ಒಂದು ಸಂದೇಶ ಬಂದಿತ್ತು, ನಾನು ಓದದೆ 'ಯೆಸ್' ಒತ್ತಿದ್ದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದೆ ಈ ಫೈಲ್ ಉಳಿಸಲು ಹೋದರೆ, ಇಲ್ಲಿ ಉಳಿಸಲು ನಿಮಗೆ ಅನುಮತಿ ಇಲ್ಲ, ಬದಲಿಗೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಉಳಿಸಲೇ ಎಂದು ಕೇಳುವುದುಂಟು. ಯೆಸ್ ಎಂದರೆ ಅಲ್ಲಿ ಉಳಿಸುತ್ತದೆ. ಹುಡುಕಿದರೆ ಡಾಕ್ಯುಮೆಂಟ್ಸ್‌ನಲ್ಲಿ ಯಾರದೋ ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಪಕ್ಕದಲ್ಲಿ ನನ್ನ ಹೋಸ್ಟ್ಸ್ ಕೂತಿತ್ತು. ಮೊದಲ ದೋಷ, ನನ್ನದು.

ಸರಿಯಾದ ದಾರಿ: ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಆ ನೋಟ್‌ಪ್ಯಾಡಿನೊಳಗಿಂದಲೇ ಫೈಲ್ ತೆರೆಯಿರಿ. ತೆರೆಯುವ ಕಿಟಕಿಯಲ್ಲಿ ಫೋಲ್ಡರ್ ಖಾಲಿ ಕಾಣುತ್ತದೆ, ಗಾಬರಿ ಬೇಡ. ಕೆಳಗೆ ಟೆಕ್ಸ್ಟ್ ಫೈಲ್ ಎಂದಿರುವುದನ್ನು 'ಆಲ್ ಫೈಲ್ಸ್' ಮಾಡಿದರೆ ಹೋಸ್ಟ್ಸ್ ಕಾಣುತ್ತದೆ.

ಇದನ್ನು ಹುಡುಗನಿಗೆ ಹೇಳಿದೆ. ಆದರೆ ಅರ್ಧ ಹೇಳಿದೆ. ಫೋಲ್ಡರ್ ಖಾಲಿ ಕಂಡಾಗ ಅವನು ಪಾಪ ಹೊಸ ಫೈಲ್ ಮಾಡಿ, ಪಟ್ಟಿ ಅಂಟಿಸಿ, ಹೋಸ್ಟ್ಸ್ ಎಂದು ಹೆಸರಿಟ್ಟು ಉಳಿಸಿದ. ಮತ್ತೆ ಪಿಂಗ್ ಮಾಡಿದರೆ ಮತ್ತೆ ನಾಲ್ಕಕ್ಕೆ ನಾಲ್ಕು. ನೋಟ್‌ಪ್ಯಾಡ್ ಯಾರನ್ನೂ ಕೇಳದೆ ಹೆಸರಿನ ಕೊನೆಗೆ '.ಟಿಎಕ್ಸ್‌ಟಿ' ಅಂಟಿಸಿಬಿಟ್ಟಿತ್ತು. ವಿಂಡೋಸ್ ಆ ಬಾಲವನ್ನು ಮರೆಮಾಡುವುದರಿಂದ ಫೋಲ್ಡರಿನಲ್ಲಿ ಹೋಸ್ಟ್ಸ್ ಎಂಬ ಹೆಸರಿನವರೇ ಇಬ್ಬರು ಕಾಣುತ್ತಿದ್ದರು. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಂಡರೆ ಇದೇ ಕಾರಣ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಟಿಕ್ ಹಾಕಿದರೆ ಬಾಲ ಕಾಣುತ್ತದೆ. ಎರಡನೇ ದೋಷ, ಇದೂ ನನ್ನದೇ. ಹುಡುಗನನ್ನು ಬೈಯುವ ಹಾಗಿಲ್ಲ.

ಜಾಗ, ಹೆಸರು ಎರಡೂ ಸರಿಯಿದ್ದು ಪಿಂಗ್ ಇನ್ನೂ ನಿಜ ವಿಳಾಸ ತೋರಿಸಿದರೆ ಫೈಲಿನೊಳಗೆ ನೋಡಿ. ಸಾಲಿನ ಮೊದಲಿಗೆ ಹ್ಯಾಷ್ ಗುರುತಿದ್ದರೆ ಆ ಸಾಲು ಬರೀ ಟಿಪ್ಪಣಿ, ಲೆಕ್ಕಕ್ಕಿಲ್ಲ. ತಾಣದ ಹೆಸರಿನ ಮೊದಲಿಗೆ 'ಎಚ್‌ಟಿಟಿಪಿಎಸ್' ಇರಬಾರದು, ಕೊನೆಗೆ ಓರೆಗೆರೆ ಇರಬಾರದು. ನಕ್ಷತ್ರ ಗುರುತು ಹಾಕಿ 'ಇದರ ಕೆಳಗಿನದೆಲ್ಲ' ಎಂದು ಹೇಳುವ ಸೌಲಭ್ಯವೂ ಇಲ್ಲಿಲ್ಲ. ಡಬಲ್‌ಕ್ಲಿಕ್.ನೆಟ್ ತಡೆದರೆ ಆಡ್.ಡಬಲ್‌ಕ್ಲಿಕ್.ನೆಟ್ ನಿಲ್ಲುವುದಿಲ್ಲ, ಅದಕ್ಕೆ ಇನ್ನೊಂದು ಸಾಲು ಬೇಕು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಬರುವ ಎರಡು ತೊಂದರೆ ಇವೆ. ಮೊದಲನೆಯದು ಸೊನ್ನೆ. ಕೀಲಿಮಣೆ ಕನ್ನಡದಲ್ಲಿದ್ದಾಗ ಕನ್ನಡದ ಸೊನ್ನೆಯೋ ಅನುಸ್ವಾರವೋ ಬಿದ್ದರೆ '೦.೦.೦.೦' ಕಣ್ಣಿಗೆ 0.0.0.0 ಥರವೇ ಕಾಣುತ್ತದೆ. ಕಂಪ್ಯೂಟರಿಗೆ ಅದು ಅಂಕಿಯೇ ಅಲ್ಲ. ಎರಡನೆಯದು ಫೈಲ್ ಉಳಿಸುವ ಬಗೆ. 'ಇದು ಸುದ್ದಿ ತಾಣದ ಜಾಹೀರಾತು' ಎಂದು ಟಿಪ್ಪಣಿಯಲ್ಲಿ ಕನ್ನಡ ಬರೆದು ಹಳೇ ನೋಟ್‌ಪ್ಯಾಡಿನಲ್ಲಿ ಉಳಿಸಲು ಹೋದರೆ, ಈ ಅಕ್ಷರಗಳು ಹಾಳಾಗುತ್ತವೆ, ಯುನಿಕೋಡ್ ಆರಿಸಿ ಎಂದು ಅದು ಎಚ್ಚರಿಸುತ್ತಿತ್ತು. ಅಲ್ಲಿ 'ಯುನಿಕೋಡ್' ಎಂದರೆ ಯುಟಿಎಫ್-16. ಹಾಗೆ ಉಳಿಸಿದ ಹೋಸ್ಟ್ಸ್ ಫೈಲಿನಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರದ ಪಕ್ಕದಲ್ಲೂ ಒಂದು ಖಾಲಿ ಬೈಟ್ ಸೇರಿಕೊಂಡು, ಒಂದು ಸಾಲೂ ಕೆಲಸ ಮಾಡುವುದಿಲ್ಲ. 2019ರ ನಂತರದ ವಿಂಡೋಸ್ 10ರಲ್ಲಿ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಆರಿಸುತ್ತದೆ, ಅದಕ್ಕೆ ತೊಂದರೆ ಇಲ್ಲ. ಅನುಮಾನ ಇದ್ದರೆ 'ಸೇವ್ ಆಸ್' ಕಿಟಕಿಯ ಕೆಳಗೆ ಎನ್‌ಕೋಡಿಂಗ್ ಏನಿದೆ ನೋಡಿ.

ಪಿಂಗ್ ಸರಿ, ಬ್ರೌಸರ್ ಮಾತ್ರ ಕೇಳುತ್ತಿಲ್ಲ

ಪಟ್ಟಿ ಬಾಲವಿಲ್ಲದ ಹೋಸ್ಟ್ಸ್ ಫೈಲಿನಲ್ಲಿ ಸರಿಯಾಗಿ ಕೂತ ಮೇಲೆ ಪಿಂಗ್ ಸೋತಿತು. ಆದರೂ ಬ್ರೌಸರಿನಲ್ಲಿ ಅರ್ಧ ಗಂಟೆ ಜಾಹೀರಾತು ಬರುತ್ತಲೇ ಇತ್ತು. ಇದು ದೋಷ ಅಲ್ಲ, ಹಿಂದೆ ಕೇಳಿಕೊಂಡ ವಿಳಾಸಗಳ ನೆನಪು. ಸೊಳ್ಳೆ ಪರದೆ ಕಟ್ಟುವ ಮೊದಲೇ ಒಳಗೆ ಸೇರಿಕೊಂಡ ಸೊಳ್ಳೆ ಇದ್ದಂತೆ. 'ಐಪಿಕಾನ್‌ಫಿಗ್ /ಫ್ಲಶ್‌ಡಿಎನ್ಎಸ್' ಎಂದರೆ ವಿಂಡೋಸಿನ ನೆನಪು ಅಳಿಯುತ್ತದೆ, ಬ್ರೌಸರಿನದು ಬೇರೆ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಕಿಟಕಿ ಮುಚ್ಚಿದರೂ ಹಿಂದೆ ಓಡುತ್ತಿರುವ ಬ್ರೌಸರುಗಳಿವೆ, ಹಾಗಾಗಿ ಒಮ್ಮೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡುವುದು ವಾಸಿ.

ಆಮೇಲೂ ಬಂದರೆ ಬ್ರೌಸರಿನಲ್ಲಿ 'ಉಚಿತ ವಿಪಿಎನ್' ಎಂಬ ಎಕ್ಸ್‌ಟೆನ್ಷನ್ ಇದೆಯಾ ನೋಡಿ. ಅದು ಸಾಮಾನ್ಯವಾಗಿ ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ತಾಣಗಳಿಗೆ ಹೋಗಿಬರುವ ಮಧ್ಯವರ್ತಿ ಸರ್ವರ್. ಹೆಸರನ್ನು ವಿಳಾಸವಾಗಿ ಬದಲಿಸುವ ಕೆಲಸ ದೂರದ ಪ್ರಾಕ್ಸಿಯಲ್ಲಿ ನಡೆಯುತ್ತದೆ, ನಿಮ್ಮ ಹೋಸ್ಟ್ಸ್ ಫೈಲನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಹೋಸ್ಟ್ಸ್ ಬದಲು ಡಿಎನ್ಎಸ್ ಬದಲಿಸಿದವರಿಗೆ

ಆಡ್‌ಗಾರ್ಡ್‌ನಂಥ ಜಾಹೀರಾತು ತಡೆಯುವ ಡಿಎನ್ಎಸ್ ಹಾಕಿಕೊಂಡವರು ಎನ್ಎಸ್‌ಲುಕಪ್ ಕೊಡುವ ಉತ್ತರದಲ್ಲಿ ಮೊದಲು 'ಸರ್ವರ್' ಎಂಬ ಸಾಲು, ಅದರ ಕೆಳಗಿನ ವಿಳಾಸ ನೋಡಬೇಕು. ನೀವು ಹಾಕಿದ ವಿಳಾಸವೇ ಅಲ್ಲಿರಬೇಕು. 192.168ರಿಂದ ಶುರುವಾಗುವುದು ಕಂಡರೆ ಕೇಳಿದ್ದು ರೌಟರನ್ನು. 'ಎಫ್ಇ80' ಎಂದು ಶುರುವಾಗುವ ಉದ್ದನೆಯದು ಕಂಡರೆ ಅದೂ ರೌಟರೇ, ಆದರೆ ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6 ದಾರಿಯಲ್ಲಿ. ಡಿಎನ್ಎಸ್ ಬದಲಿಸುವ ಬಹಳಷ್ಟು ಜನ ಹಳೇ ಬಗೆಯ ಐಪಿವಿ4ರಲ್ಲಿ ಮಾತ್ರ ಬದಲಿಸಿ ನಿಲ್ಲಿಸುತ್ತಾರೆ. ಈಗಿನ ಫೈಬರ್ ಸಂಪರ್ಕಗಳಲ್ಲಿ ಐಪಿವಿ6 ಮಾಮೂಲು. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಆ ಸೇವೆಯವರು ಐಪಿವಿ6 ವಿಳಾಸವನ್ನೂ ಕೊಟ್ಟಿರುತ್ತಾರೆ, ಅದನ್ನೂ ತುಂಬಿ.

ಇನ್ನೊಂದು ತಪ್ಪು, 'ಎರಡನೆಯದು ಭದ್ರತೆಗೆ ಇರಲಿ' ಎಂದು ಗೂಗಲ್‌ನ 8.8.8.8 ಹಾಕುವುದು. ಮೊದಲನೆಯದು ಸ್ವಲ್ಪ ತಡಮಾಡಿದರೆ ವಿಂಡೋಸ್ ಎರಡನೆಯದನ್ನು ಕೇಳುತ್ತದೆ, ಅದು ಪ್ರಾಮಾಣಿಕವಾಗಿ ನಿಜ ವಿಳಾಸ ಕೊಡುತ್ತದೆ. 'ಒಮ್ಮೊಮ್ಮೆ ಬರುತ್ತೆ, ಒಮ್ಮೊಮ್ಮೆ ಇಲ್ಲ' ಎಂಬ ದೂರಿನ ಹಿಂದೆ ಇದು ಇರುವುದು ಜಾಸ್ತಿ. ಎರಡೂ ಒಂದೇ ಸೇವೆಯದಿರಲಿ. ಆಡ್‌ಗಾರ್ಡ್ ಆದರೆ 94.140.14.14 ಮತ್ತು 94.140.15.15.

ಬ್ರೌಸರಿನ ಸೆಟ್ಟಿಂಗ್‌ನಲ್ಲಿ 'ಸೆಕ್ಯೂರ್ ಡಿಎನ್ಎಸ್' ಎಂಬುದನ್ನೂ ನೋಡಿ. ಅಲ್ಲಿ ಬೇರೆ ಯಾವುದೋ ಸೇವೆ ಆರಿಸಿದ್ದರೆ ಬ್ರೌಸರ್ ನಿಮ್ಮ ಡಿಎನ್ಎಸ್ ಬಿಟ್ಟು ನೇರ ಅವರನ್ನೇ ಕೇಳುತ್ತದೆ. ಹೋಸ್ಟ್ಸ್ ಫೈಲ್ ಬಳಸುವವರಿಗೆ ಇದರಿಂದ ಸಾಮಾನ್ಯವಾಗಿ ಅಷ್ಟು ಕಾಟ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಹೋಸ್ಟ್ಸ್‌ಗೆ ಮರ್ಯಾದೆ ಕೊಡುತ್ತವೆ.

ಮೂಲೆಯಲ್ಲಿ ಬರುವ ವೈರಸ್

ಮೂರನೇ ದೋಷಕ್ಕೆ ಬಂದೆವು. ಪುಟದೊಳಗಿನ ಜಾಹೀರಾತು ನಿಂತಿತ್ತು, ಮೂಲೆಯ ಹೆದರಿಕೆ ನಿಂತಿರಲಿಲ್ಲ. ಚಿಕ್ಕಪ್ಪ ಆ್ಯಂಟಿವೈರಸ್ ಕೊಳ್ಳಲು ತಯಾರಾಗಿದ್ದರು. "ತಡೀರಿ ಚಿಕ್ಕಪ್ಪ, ದುಡ್ಡು ಕೊಡಬೇಡಿ" ಎಂದೆ.

ಆ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ತಾಣದ ಹೆಸರು ಇರುತ್ತದೆ, ಅದರ ಜೊತೆ ಬ್ರೌಸರಿನ ಹೆಸರು. ಹುಡುಗ ಕಣ್ಣು ಕಿರಿದು ಮಾಡಿ ಓದಿದ: ಅರ್ಥವಿಲ್ಲದ ಅಕ್ಷರಗಳ ಒಂದು ತಾಣ. ಯಾರೋ ಗಿರಾಕಿ ಪಿಡಿಎಫ್ ಇಳಿಸಲು ಹೋದಾಗ, 'ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ' ಎಂದು ಕೇಳಿರುತ್ತದೆ, ಒತ್ತಿರುತ್ತಾರೆ. ಅಂದಿನಿಂದ ಆ ತಾಣಕ್ಕೆ ನೋಟಿಫಿಕೇಷನ್ ಕಳಿಸುವ ಹಕ್ಕು ಸಿಕ್ಕಿತು. ಇವು ಬರುವುದು ಬ್ರೌಸರ್ ಕಂಪನಿಯದೇ ಸಂದೇಶ ಸರ್ವರಿನ ಮೂಲಕ. ಆ ಹೆಸರನ್ನು ತಡೆದರೆ ನಿಮಗೆ ಬೇಕಾದ ನೋಟಿಫಿಕೇಷನ್‌ಗಳೂ ನಿಲ್ಲುತ್ತವೆ. ಹಾಗಾಗಿ ಹೋಸ್ಟ್ಸ್ ಇಲ್ಲಿ ಸರಿಯಾದ ಆಯುಧವೇ ಅಲ್ಲ.

ಮದ್ದು ಸುಲಭ. ಬ್ರೌಸರ್ ಸೆಟ್ಟಿಂಗ್ಸ್, 'ಸೈಟ್ ಸೆಟ್ಟಿಂಗ್ಸ್', ಅದರಲ್ಲಿ 'ನೋಟಿಫಿಕೇಷನ್ಸ್'. ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ 23 ತಾಣಗಳಿದ್ದವು. ಎಲ್ಲ ತೆಗೆಸಿ, ಇನ್ನು ಮುಂದೆ ಯಾವ ತಾಣವೂ ಕೇಳದಂತೆ ಮಾಡಿಸಿದೆ. ಅಲ್ಲಿಗೆ ವೈರಸ್ ವಾಸಿಯಾಯಿತು.

ಪಟ್ಟಿ ಖಾಲಿಯಿದ್ದೂ ಡೆಸ್ಕ್‌ಟಾಪ್ ಮೇಲೆ ಏನಾದರೂ ಬಂದರೆ ಎರಡು ಅನುಮಾನ. ಒಂದು ವಿಂಡೋಸಿನದೇ 'ಸಲಹೆ'ಗಳು, ಅವನ್ನು ಸ್ಟಾರ್ಟ್, ಲಾಕ್ ಸ್ಕ್ರೀನ್, ನೋಟಿಫಿಕೇಷನ್ ಸೆಟ್ಟಿಂಗ್‌ಗಳಲ್ಲೇ ಆಫ್ ಮಾಡಬೇಕು. ಇನ್ನೊಂದು, ಉಚಿತ ತಂತ್ರಾಂಶದ ಜೊತೆ ಹೊಕ್ಕ, ಜಾಹೀರಾತು ತೋರಿಸುವುದೇ ಕೆಲಸವಾದ ಆ್ಯಡ್‌ವೇರ್. ನೀವು ಹಾಕದ ಎಕ್ಸ್‌ಟೆನ್ಷನ್, ಬದಲಾದ ಹುಡುಕುತಾಣ, ಸ್ವಂತ ಕಂಪ್ಯೂಟರಿನಲ್ಲೂ 'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬ ಸಾಲು ಕಂಡರೆ ಮೊದಲು ಅದನ್ನು ತೆಗೆಸಿ.

ಯಾವ ಪಟ್ಟಿಗೂ ಬಗ್ಗದವು

ಯೂಟ್ಯೂಬ್ ಜಾಹೀರಾತು ಹೋಸ್ಟ್ಸ್‌ನಿಂದ ನಿಲ್ಲುವುದಿಲ್ಲ. ಜಾಹೀರಾತಿನ ವಿಡಿಯೋ, ನೀವು ನೋಡುವ ವಿಡಿಯೋ ಎರಡೂ ಒಂದೇ ಬಗೆಯ ಸರ್ವರ್ ಹೆಸರುಗಳಿಂದ ಬರುತ್ತವೆ. ಹೆಸರು ತಡೆದರೆ ಎರಡೂ ಹೋದವು. ಶಾಪಿಂಗ್ ತಾಣಗಳು ತಮ್ಮದೇ ಪುಟದಲ್ಲಿ ತೋರಿಸುವ ಪ್ರಾಯೋಜಿತ ಸಾಮಾನುಗಳದ್ದೂ ಇದೇ ಕತೆ. ಇಂಥವಕ್ಕೆ ಪುಟದೊಳಗೆ ಕೈಹಾಕುವ ಬ್ರೌಸರ್ ಎಕ್ಸ್‌ಟೆನ್ಷನ್ ಬೇಕು. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹೋಗಿ ಅದರ ಲೈಟ್ ಆವೃತ್ತಿ ಉಳಿದಿದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ಆವೃತ್ತಿ ಈಗಲೂ ನಡೆಯುತ್ತದೆ. ನನ್ನ ಮಟ್ಟಿಗೆ ಹೋಸ್ಟ್ಸ್ ಜೊತೆ ಎಕ್ಸ್‌ಟೆನ್ಷನ್ ಇರಬೇಕು, ಒಂದರ ಬದಲು ಇನ್ನೊಂದಲ್ಲ.

ಸರಿಯಿದ್ದದ್ದು ಕೆಲವು ದಿನಗಳ ಮೇಲೆ ಕೆಟ್ಟರೆ

ಫೈಲ್ ತೆರೆದು ನೋಡಿ. ಹಾಕಿದ ಸಾಲುಗಳೇ ಮಾಯವಾಗಿದ್ದರೆ ವಿಂಡೋಸ್ ಸೆಕ್ಯೂರಿಟಿಯ 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ 'ಹೋಸ್ಟ್ಸ್‌ಫೈಲ್‌ಹೈಜಾಕ್' ಎಂಬ ಹೆಸರಿದೆಯಾ ಹುಡುಕಿ. ಮೈಕ್ರೋಸಾಫ್ಟಿನ ಮಾಹಿತಿ ಸಂಗ್ರಹದ ಸರ್ವರುಗಳನ್ನು ತಡೆದ ಹೋಸ್ಟ್ಸ್ ಫೈಲನ್ನು ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ 2020ರಿಂದ ಅಪಾಯ ಎಂದು ಗುರುತಿಸುತ್ತದೆ. 'ಸರಿಮಾಡು' ಎಂದು ಒತ್ತಿದರೆ ಇಡೀ ಫೈಲನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಆ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಹಾಕಿಕೊಳ್ಳಿ.

ಇಂಟರ್ನೆಟ್ಟೇ ಎಳೆದಾಡುತ್ತಿದ್ದರೆ ಪಟ್ಟಿ ತೀರಾ ದೊಡ್ಡದಿರಬಹುದು. ಲಕ್ಷಗಟ್ಟಲೆ ಸಾಲು ಹಾಕಿದರೆ ವಿಂಡೋಸಿನ ಡಿಎನ್ಎಸ್ ಕ್ಲೈಂಟ್ ಏದುಸಿರು ಬಿಡುತ್ತದೆ. ಚಿಕ್ಕ ಪಟ್ಟಿಗೆ ಇಳಿಯಿರಿ.

ಯಾವುದಾದರೂ ತಾಣ ತೆರೆಯದಿದ್ದರೆ, ಪೂರ್ತಿ ಫೈಲ್ ಅಳಿಸಬೇಡಿ. ಆ ಹೆಸರಿನ ಸಾಲಿನ ಮೊದಲಿಗೆ ಹ್ಯಾಷ್ ಹಾಕಿ ಉಳಿಸಿದರೆ ಸಾಕು. ಹದಿನೈದು ದಿನ ಬಿಟ್ಟು ಚಿಕ್ಕಪ್ಪನ ಫೋನ್ ಬಂದದ್ದೂ ಇದಕ್ಕೇ. "ಗೂಗಲ್‌ನಲ್ಲಿ ಹುಡುಕಿದರೆ ಮೊದಲನೇದು ಒತ್ತಿದ್ರೆ ತೆಗೆಯೋದೇ ಇಲ್ಲ ಕಣೋ. ಎರಡನೇದೂ ಇಲ್ಲ. ಮೂರನೇದು ತೆಗೆಯುತ್ತೆ." ಮೊದಲಿನ ಎರಡೂ 'ಸ್ಪಾನ್ಸರ್ಡ್', ಅಂದರೆ ದುಡ್ಡು ಕೊಟ್ಟು ಮೇಲೆ ಕೂತವು. ಅವುಗಳ ಕೊಂಡಿ ಗೂಗಲ್‌ಆಡ್‌ಸರ್ವೀಸಸ್.ಕಾಂ ಎಂಬ ಹೆಸರನ್ನು ಹಾದು ಹೋಗುತ್ತದೆ, ಆ ಹೆಸರು ನಮ್ಮ ಪಟ್ಟಿಯಲ್ಲಿದೆ. ತೆಗೆಯಬೇಕೆಂದರೆ ಆ ಸಾಲಿಗೊಂದು ಹ್ಯಾಷ್. ಆದರೆ ಅರ್ಜಿ ತುಂಬಿಸುವ ಅಂಗಡಿಯಲ್ಲಿ ಸರ್ಕಾರಿ ತಾಣದ ವೇಷ ಹಾಕಿದವರು ಆ ಮೇಲಿನ ಜಾಗದಲ್ಲೇ ಕೂರಬಹುದು, ಬೇಡವೇ ಬೇಡ ಎಂದೆ. ಹುಡುಗ ಈಗ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದ್ದಾನೆ: 'ಸ್ಪಾನ್ಸರ್ಡ್ ಒತ್ತಬೇಡಿ. ಅದರ ಕೆಳಗಿನದು ಒತ್ತಿ.'